ಬರದ ನೆಲದ ಸಸ್ಯಗಳು: ‘ಹೊಂದಾಣಿಕೆ’ಯ ಪಾಠವನ್ನು ಜತ್ತ ಪರಿಸರದಲ್ಲಿ ಬೋಧಿಸುವ ಬಗೆ

ವಿಷಯ: ಸಾಮಾನ್ಯ ವಿಜ್ಞಾನ
ಇಯತ್ತೆ: 6 ರಿಂದ 8

ಪ್ರಸ್ತಾವನೆ

ಒಣ ಪ್ರದೇಶದ ಸಸ್ಯಗಳ ಹೊಂದಾಣಿಕೆಯನ್ನು ಬೋಧಿಸಿದ ಮೇಲೆ ‘ಮರುಭೂಮಿಯ ಸಸ್ಯಕ್ಕೆ ಉದಾಹರಣೆ ಕೊಡಿರಿ’ ಎಂದು ಕೇಳಿದರೆ ವಿದ್ಯಾರ್ಥಿಗಳು ತಡಮಾಡದೆ ‘ಪಾಪಾಸುಕಳ್ಳಿ’ ಎಂದು ಬರೆಯುತ್ತಾರೆ. ಅದರ ಎಲೆಗಳು ಮುಳ್ಳುಗಳಾಗಿವೆ, ಕಾಂಡವು ನೀರನ್ನು ಸಂಗ್ರಹಿಸುತ್ತದೆ, ಮೇಲೆ ಮೇಣದ ಲೇಪವಿದೆ ಎಂದು ಕಾರಣವನ್ನೂ ಸೇರಿಸುತ್ತಾರೆ. ಉತ್ತರ ಸರಿಯಾಗಿದೆ, ಗುಣಗಳೂ ದೊರೆಯುತ್ತವೆ. ಆದರೆ ಶಾಲೆಯ ಹೊರಗೋಡೆಯ ಮಗ್ಗುಲಲ್ಲಿ ಮೇ ತಿಂಗಳ ಬಿಸಿಲಿಗೂ ಹಸಿರಾಗಿ ನಿಂತಿರುವ ಎಕ್ಕೆಯ ಗಿಡವನ್ನು ತೋರಿಸಿ, ‘ಇದು ಹೇಗೆ ಬದುಕಿದೆ?’ ಎಂದು ಕೇಳಿದಾಗ ಅದೇ ವಿದ್ಯಾರ್ಥಿಗಳು ಉತ್ತರವಿಲ್ಲದೆ ನಿಲ್ಲುತ್ತಾರೆ. ಒಂದು ಮಗು ಧೈರ್ಯಮಾಡಿ, ‘ಸರ್, ಎಕ್ಕಿ ಎಲಿ ಇಷ್ಟ್ ಅಗಲ ಐತಿ, ಮತ್ತ ಅದ್ಯಾಕ ಬಾಡಂಗಿಲ್ಲ?’ ಎಂದು ಮರುಪ್ರಶ್ನೆ ಹಾಕಿದರೆ, ಆ ಪ್ರಶ್ನೆಯೇ ಪಾಠದ ನಿಜವಾದ ಆರಂಭವಾಗುತ್ತದೆ.

ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಈ ಪಾಠವು ದೂರದ ರಾಜಸ್ಥಾನದ ಕಥೆಯಲ್ಲ. ಸಹ್ಯಾದ್ರಿಯು ನೈಋತ್ಯ ಮಾರುತದ ಮಳೆಯನ್ನು ತನ್ನ ಪಶ್ಚಿಮದ ಇಳಿಜಾರಿನಲ್ಲಿಯೇ ತಡೆದುಕೊಳ್ಳುವುದರಿಂದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆಯು ಜತ್ತಕ್ಕೆ ಬರುವ ಹೊತ್ತಿಗೆ ಸುಮಾರು 500 ಮಿ.ಮೀ.ಗೆ ಇಳಿಯುತ್ತದೆ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರದ ಆಸುಪಾಸಿನಲ್ಲಿ ಬರುತ್ತದೆ. ಇಂತಹ ನೆಲದಲ್ಲಿ ಬೆಳೆದ ಮಗುವಿಗೆ ಒಣ ಪ್ರದೇಶದ ಸಸ್ಯಗಳ ಅನುಭವ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿಯೇ ಇದೆ. ಆ ಅನುಭವವನ್ನು ವಿಜ್ಞಾನದ ತಿಳಿವಳಿಕೆಯಾಗಿ ಮಾರ್ಪಡಿಸುವುದು ಶಿಕ್ಷಕರ ಕೆಲಸ.

ಪಾಠದ ಉದ್ದೇಶಗಳು

1. ಸಸ್ಯವು ನೀರನ್ನು ಗಳಿಸುವ, ಉಳಿಸುವ ಮತ್ತು ವೆಚ್ಚಮಾಡುವ ರೀತಿಯನ್ನು ವಿದ್ಯಾರ್ಥಿಯು ವಿವರಿಸುವನು.
2. ತನ್ನ ಊರಿನ ಕನಿಷ್ಠ ಐದು ಸಸ್ಯಗಳ ಹೊಂದಾಣಿಕೆಗಳನ್ನು ಗುರುತಿಸುವನು.
3. ಒಂದು ಗಿಡದ ತಾತ್ಕಾಲಿಕ ಪ್ರತಿಕ್ರಿಯೆಗೂ ತಲೆಮಾರುಗಳಿಂದ ಬಂದ ಹೊಂದಾಣಿಕೆಗೂ ಇರುವ ವ್ಯತ್ಯಾಸವನ್ನು ತಿಳಿಯುವನು.

‘ಹೊಂದಾಣಿಕೆ’ ಎಂಬ ಶಬ್ದದ ತೊಡಕು

ಈ ಪಾಠದ ಅತಿದೊಡ್ಡ ತಪ್ಪು ಗ್ರಹಿಕೆಯು ಪಾಠದ ಹೆಸರಿನಲ್ಲಿಯೇ ಅಡಗಿದೆ. ‘ಹೊಂದಿಕೊಂಡು ಹೋಗು’ ಎಂಬ ಮಾತನ್ನು ಮಕ್ಕಳು ಮನೆಯಲ್ಲಿ ನಿತ್ಯ ಕೇಳುತ್ತಾರೆ. ಅಲ್ಲಿ ಅದರ ಅರ್ಥ ಮನಸ್ಸು ಮಾಡಿ ಸಹಿಸಿಕೊಳ್ಳುವುದು, ಸಂದರ್ಭಕ್ಕೆ ತಕ್ಕಂತೆ ನಡೆಯುವುದು. ಇದೇ ಅರ್ಥವನ್ನು ಮಗುವು ಗಿಡಕ್ಕೂ ಅನ್ವಯಿಸುತ್ತದೆ. ಬರ ಬಂದಿತು, ಗಿಡವು ವಿಚಾರಮಾಡಿತು, ನೀರು ಉಳಿಸಲೆಂದು ತನ್ನ ಎಲೆಗಳನ್ನು ಮುಳ್ಳುಗಳನ್ನಾಗಿ ಮಾಡಿಕೊಂಡಿತು ಎಂದು ಅದು ಭಾವಿಸುತ್ತದೆ.

ವಿಜ್ಞಾನದಲ್ಲಿ ಹೊಂದಾಣಿಕೆ ಎಂದರೆ ಇದಲ್ಲ. ಒಂದೇ ಜಾತಿಯ ಗಿಡಗಳಲ್ಲಿ ಸಣ್ಣಸಣ್ಣ ಭೇದಗಳಿರುತ್ತವೆ. ಒಂದರ ಬೇರು ತುಸು ಆಳ, ಇನ್ನೊಂದರ ಎಲೆಯ ಮೇಣ ತುಸು ದಪ್ಪ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಂತಹ ಗಿಡಗಳೇ ಹೆಚ್ಚಾಗಿ ಉಳಿದು ಬೀಜ ಕಟ್ಟುತ್ತವೆ. ಅವುಗಳ ಗುಣವು ಬೀಜದ ಮೂಲಕ ಮುಂದಿನ ಪೀಳಿಗೆಗೆ ಸಾಗುತ್ತದೆ. ಸಾವಿರಾರು ತಲೆಮಾರುಗಳು ಕಳೆದ ಮೇಲೆ ಆ ಗುಣವೇ ಜಾತಿಯ ಲಕ್ಷಣವಾಗಿ ನಿಲ್ಲುತ್ತದೆ. ಗಿಡವು ಏನನ್ನೂ ಬಯಸಲಿಲ್ಲ, ನಿರ್ಧರಿಸಲೂ ಇಲ್ಲ.

ಇದನ್ನು ತಿಳಿಸಲು ಊರಿನಲ್ಲಿಯೇ ಉತ್ತಮ ಉದಾಹರಣೆಯಿದೆ. ರೈತನು ಸುಗ್ಗಿಯ ಕಾಲದಲ್ಲಿ ಜೋಳದ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ತೆಗೆದಿಡುವುದನ್ನು ಮಕ್ಕಳು ಕಂಡಿರುತ್ತಾರೆ. ಈ ಭಾಗದ ಹಿಂಗಾರಿ ಜೋಳದಲ್ಲಿ ಹೆಸರಾದ ಮಾಲದಂಡಿಯಿಂದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ‘ಎಂ 35-1’ ಎಂಬ ತಳಿಯನ್ನು ಪಡೆದದ್ದೂ ಇಂತಹ ಆಯ್ಕೆಯ ಮೂಲಕವೇ. ಹೊಲದಲ್ಲಿ ಆರಿಸುವವನು ರೈತ. ಮಡ್ಡಿಯ ಮೇಲೆ ಆ ಕೆಲಸವು ಆರಿಸುವವರಿಲ್ಲದೆಯೇ, ಬರದಿಂದಲೇ ನಡೆಯುತ್ತದೆ.

ಶಿಕ್ಷಕರು ತಮ್ಮ ವಾಕ್ಯರಚನೆಯನ್ನೂ ಗಮನಿಸಬೇಕು. ‘ನೀರು ಉಳಿಸಲು ಎಲೆ ಮುಳ್ಳಾಯಿತು’ ಎಂಬ ವಾಕ್ಯದಲ್ಲಿನ ‘ಉಳಿಸಲು’ ಎಂಬ ರೂಪವು ಗಿಡಕ್ಕೆ ಉದ್ದೇಶವನ್ನು ಅಂಟಿಸುತ್ತದೆ. ‘ಎಲೆ ಮುಳ್ಳಾಗಿರುವುದರಿಂದ ಈ ಗಿಡದಲ್ಲಿ ನೀರು ಉಳಿಯುತ್ತದೆ’ ಎಂದರೆ ದೋಷ ತಪ್ಪುತ್ತದೆ. ‘-ಲು’, ‘-ಲೆಂದು’, ‘-ಗಾಗಿ’ ಎಂಬ ರೂಪಗಳಿಗೆ ಬದಲಾಗಿ ‘-ರಿಂದ’ ಎಂಬ ರೂಪವನ್ನು ಬಳಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೂ ಮಾಡಿಸಬೇಕು.

ವಿಷಯ ವಿವೇಚನೆ: ನೀರಿನ ಜಮಾ-ಖರ್ಚು

ಸಸ್ಯದ ಬೇರು ನೀರನ್ನು ಹೀರುತ್ತದೆ. ಎಲೆಯ ಪತ್ರರಂಧ್ರಗಳು ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಅದರಿಂದ ದ್ಯುತಿಸಂಶ್ಲೇಷಣೆ ನಡೆದು ಆಹಾರ ತಯಾರಾಗುತ್ತದೆ. ಆದರೆ ಅದೇ ರಂಧ್ರಗಳಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಇದು ಬಾಷ್ಪವಿಸರ್ಜನೆ. ಬಾಗಿಲು ತೆರೆದರೆ ನೀರು ಹೋಗುತ್ತದೆ, ಮುಚ್ಚಿದರೆ ಆಹಾರ ನಿಲ್ಲುತ್ತದೆ. ಒಣ ನೆಲದ ಪ್ರತಿಯೊಂದು ಸಸ್ಯವೂ ಈ ಇಕ್ಕಟ್ಟಿಗೆ ದೊರೆತ ಬೇರೆಬೇರೆ ಪರಿಹಾರವಾಗಿದೆ. ಟ್ಯಾಂಕರಿನ ನೀರನ್ನು ಕೊಡಗಳಲ್ಲಿ ತುಂಬಿಟ್ಟು ವಾರವಿಡೀ ಬಳಸುವ ಮನೆಯ ಮಕ್ಕಳಿಗೆ ಈ ಲೆಕ್ಕ ಬೇಗನೆ ತಿಳಿಯುತ್ತದೆ. ಊರಿನ ಸಸ್ಯಗಳನ್ನು ಈ ದೃಷ್ಟಿಯಿಂದ ನಾಲ್ಕು ಬಗೆಯಾಗಿ ನೋಡಬಹುದು.

(ಅ) ಆಳದಿಂದ ಎತ್ತುವವು: ಜಾಲಿ, ಬೇವು, ಎಕ್ಕೆ ಈ ಗುಂಪಿಗೆ ಸೇರುತ್ತವೆ. ಇವುಗಳ ತಾಯಿಬೇರು ಮೇಲ್ಮಣ್ಣು ಒಣಗಿದ ಮೇಲೆಯೂ ಕೆಳಗಿನ ಹಸಿಯನ್ನು ಮುಟ್ಟುತ್ತದೆ. ಎಲ್ಲೆಡೆ ಹರಡಿರುವ ಬಳ್ಳಾರಿ ಜಾಲಿಯು ಮೂಲತಃ ಅಮೆರಿಕ ಖಂಡದ್ದು. ಅದೇ ಕುಲದ ಮರವೊಂದರ ಬೇರುಗಳು ಅಲ್ಲಿನ ಅರಿಝೋನಾದ ಗಣಿಯೊಂದರಲ್ಲಿ 50 ಮೀಟರಿಗೂ ಹೆಚ್ಚು ಆಳದಲ್ಲಿ ಕಂಡುಬಂದಿವೆ. 160 ಅಡಿಗೂ ಮಿಕ್ಕಿದ ಆಳವೆಂದು ಹೇಳಿದರೆ, ಬೋರ್‌ವೆಲ್ಲಿನ ಆಳವನ್ನು ಅಡಿಗಳಲ್ಲಿ ಎಣಿಸುವ ಮಕ್ಕಳಿಗೆ ಅದು ಕಣ್ಣಿಗೆ ಕಟ್ಟುತ್ತದೆ.

ಎಕ್ಕೆಯ ಅಗಲವಾದ ಎಲೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ‘ಒಣ ಪ್ರದೇಶದಲ್ಲಿ ಎಲೆ ಚಿಕ್ಕದಾಗಿರುತ್ತದೆ’ ಎಂಬುದು ಅನೇಕ ಸಸ್ಯಗಳಿಗೆ ಹೊಂದುವ ಮಾತು, ಎಲ್ಲವುಗಳಿಗೂ ಹೊಂದುವ ನಿಯಮವಲ್ಲ. ಎಕ್ಕೆಯ ಎಲೆ ಅಗಲವಾದರೂ ದಪ್ಪವಾಗಿದೆ. ಅದರ ಮೇಲೆ ಮೇಣವೂ ಬಿಳಿಯ ನವಿರಾದ ತುಪ್ಪಟವೂ ಇವೆ. ಇವು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತವೆ, ನೀರು ಆವಿಯಾಗುವುದನ್ನು ತಗ್ಗಿಸುತ್ತವೆ. ಕೆಳಗೆ ಆಳವಾದ ಬೇರಿನಿಂದ ಜಮಾ ನಡೆದಿರುತ್ತದೆ. ಕಹಿಯಾದ ವಿಷದ ಹಾಲು ಆಡು, ಕುರಿಗಳನ್ನು ದೂರವಿಡುತ್ತದೆ. ಒಂದೇ ಲಕ್ಷಣವನ್ನು ನೋಡಿ ತೀರ್ಮಾನಿಸಬಾರದು, ಇಡೀ ಗಿಡದ ಜಮಾ-ಖರ್ಚನ್ನು ನೋಡಬೇಕು ಎಂಬುದನ್ನು ಎಕ್ಕೆಯು ಕಲಿಸುತ್ತದೆ.

(ಆ) ಕೂಡಿಡುವವು: ಪಾಪಾಸುಕಳ್ಳಿ, ಬೇಲಿಯ ಹಾಲುಗಳ್ಳಿ, ಲೋಳೆಸರ, ಕತ್ತಾಳೆ ಇವು ಕಾಂಡದಲ್ಲಿ ಅಥವಾ ಎಲೆಯಲ್ಲಿ ನೀರನ್ನು ಕೂಡಿಡುತ್ತವೆ. ಪಾಪಾಸುಕಳ್ಳಿಯು ಅಮೆರಿಕ ಖಂಡದಿಂದ ಬಂದದ್ದು. ಹಾಲುಗಳ್ಳಿಯು ಬೇರೆಯೇ ಕುಟುಂಬದ ಸಸ್ಯ. ದೂರದ ಎರಡು ಖಂಡಗಳಲ್ಲಿ, ಸಂಬಂಧವಿಲ್ಲದ ಎರಡು ಕುಟುಂಬಗಳು ಒಣ ನೆಲದಲ್ಲಿ ಒಂದೇ ಬಗೆಯ ರೂಪವನ್ನು ಪಡೆದಿವೆ. ಒಂದರಲ್ಲಿ ಹಾಲಿದೆ, ಇನ್ನೊಂದರಲ್ಲಿ ಇಲ್ಲ ಎಂಬುದು ಅವುಗಳನ್ನು ಬೇರ್ಪಡಿಸುವ ಸುಲಭ ಗುರುತು.

ಈ ಗುಂಪಿನ ಹಲವು ಸಸ್ಯಗಳು ತಂಪಾದ ರಾತ್ರಿಯಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ಕೂಡಿಟ್ಟದ್ದರಿಂದ ಆಹಾರ ತಯಾರಿಸುತ್ತವೆ. ಈ ವಿಸ್ಮಯದ ಸುಳಿವು ಭಾರತದಲ್ಲಿಯೇ ದೊರೆಯಿತು. ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನೂ ಕೆಲಕಾಲ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್ ಅವರು, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು ಹೊತ್ತು ಏರಿದಂತೆ ಹುಳಿ ಕಳೆದುಕೊಳ್ಳುವುದನ್ನು ಗಮನಿಸಿ 1813ರಲ್ಲಿ ಪತ್ರದ ಮೂಲಕ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ತಿಳಿಸಿದರು.

(ಇ) ಖರ್ಚು ಕಡಿಮೆ ಮಾಡುವವು: ಬೇವು ಬಿರುಬೇಸಗೆಯ ಮೊದಲೇ ಹಳೆಯ ಎಲೆಗಳನ್ನು ಉದುರಿಸುತ್ತದೆ. ಜಾಲಿಯ ಎಲೆಯು ಪುಟ್ಟಪುಟ್ಟ ಕಿರು ಎಲೆಗಳಾಗಿ ಒಡೆದಿದೆ. ಬಾರಿಯ, ಅಂದರೆ ಬೋರೆಯ, ಎಲೆಯ ಕೆಳಭಾಗದಲ್ಲಿ ಬಿಳಿಯ ತುಪ್ಪಟವಿದೆ. ಜೋಳದ ಎಲೆಯು ಮಧ್ಯಾಹ್ನದ ಬಿಸಿಲಿಗೆ ಸುರುಳಿಯಾಗಿ ಸಂಜೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಲೆಯ ಮೇಲ್ಪದರಿನ ಕೆಲವು ದೊಡ್ಡ ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗುವುದೇ ಇದಕ್ಕೆ ಕಾರಣ. ಇಂದಿನ ಬಿಸಿಲಿಗೆ ಎಲೆ ಸುರುಳಿಯಾಗುವುದು ಆ ಒಂದು ಗಿಡದ ಪ್ರತಿಕ್ರಿಯೆ. ಹಾಗೆ ಸುರುಳಿಯಾಗಬಲ್ಲ ರಚನೆಯು ತಲೆಮಾರುಗಳಿಂದ ಬಂದ ಹೊಂದಾಣಿಕೆ. ಮೂರನೆಯ ಉದ್ದೇಶವನ್ನು ಸಾಧಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

(ಈ) ಬರವನ್ನು ತಪ್ಪಿಸಿಕೊಳ್ಳುವವು: ನೆಗ್ಗಿಲು ಮತ್ತು ಮಡ್ಡಿಯ ಅನೇಕ ಸಣ್ಣ ಹುಲ್ಲುಗಳು ಮಳೆ ಬಿದ್ದೊಡನೆ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಕೆಲವೇ ವಾರಗಳಲ್ಲಿ ಬದುಕು ಮುಗಿಸುತ್ತವೆ. ಇವು ಬೇಸಗೆಯನ್ನು ಬೀಜದ ರೂಪದಲ್ಲಿ ಕಳೆಯುತ್ತವೆ. ಬೇಸಗೆಯಲ್ಲಿ ಬರಿದಾಗಿ ಕಾಣುವ ಮಡ್ಡಿಯ ಮಣ್ಣು ಬೀಜಗಳಿಂದ ತುಂಬಿರುತ್ತದೆ ಎಂಬುದು ಮಕ್ಕಳಿಗೆ ಅಚ್ಚರಿಯ ಸಂಗತಿಯಾಗುತ್ತದೆ.

ಮುಳ್ಳೆಲ್ಲವೂ ಒಂದೇ ಅಲ್ಲ

ಪಾಪಾಸುಕಳ್ಳಿಯ ಪಾಠವನ್ನು ಕಲಿತ ವಿದ್ಯಾರ್ಥಿಯು ಜಾಲಿಯ ಮುಳ್ಳನ್ನೂ ‘ರೂಪಾಂತರಗೊಂಡ ಎಲೆ’ ಎಂದೇ ಬರೆಯುತ್ತಾನೆ. ಇದು ತಪ್ಪು. ಜಾಲಿಯ ಮುಳ್ಳಿನ ಪಕ್ಕದಲ್ಲಿಯೇ ಎಲೆಯೂ ಇರುವುದನ್ನು ತೋರಿಸಿದರೆ ಸಂದೇಹ ತಾನಾಗಿಯೇ ಹುಟ್ಟುತ್ತದೆ. ಜಾಲಿ ಮತ್ತು ಬಾರಿಯ ಮುಳ್ಳುಗಳು ಎಲೆಯ ಬುಡದ ಎರಡು ಬದಿಗಳಲ್ಲಿ ಇರುವ ಪುಟ್ಟ ಉಪಾಂಗಗಳ ರೂಪಾಂತರ. ಆದುದರಿಂದಲೇ ಅವು ಜೋಡಿಯಾಗಿರುತ್ತವೆ. ಬಾರಿಯಲ್ಲಿ ಸಾಮಾನ್ಯವಾಗಿ ಒಂದು ನೇರ, ಇನ್ನೊಂದು ಕೊಕ್ಕೆ. ದಾಳಿಂಬೆಯಲ್ಲಿ ಚಿಕ್ಕ ಟೊಂಗೆಯ ತುದಿಯೇ ಮುಳ್ಳಾಗಿರುತ್ತದೆ.

ಇವುಗಳ ಕೆಲಸವೂ ಬೇರೆ. ಜಾಲಿಯ ಮುಳ್ಳಿನಿಂದ ನೀರಿನ ಉಳಿತಾಯ ಹೆಚ್ಚೇನೂ ಆಗುವುದಿಲ್ಲ, ಎಲೆಯ ರಕ್ಷಣೆ ಆಗುತ್ತದೆ. ಎಳೆಯ ಜಾಲಿಯಲ್ಲಿ ಮುಳ್ಳು ಉದ್ದವಾಗಿಯೂ ದಟ್ಟವಾಗಿಯೂ ಇರುತ್ತದೆ, ಬೆಳೆದ ಮರದಲ್ಲಿ ಕಡಿಮೆಯಾಗುತ್ತದೆ. ಕಾರಣವನ್ನು ಕುರಿಗಾರರ ಮನೆಯ ಮಕ್ಕಳನ್ನೇ ಕೇಳಬೇಕು. ಕುರಿ ತಳಿಗೆ ಹೆಸರಾದ ಮಾಡಗ್ಯಾಳ ಇದೇ ತಾಲೂಕಿನಲ್ಲಿದೆ. ಆಡಿನ ಬಾಯಿ ಎಷ್ಟು ಎತ್ತರಕ್ಕೆ ಎಟುಕುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಹಸಿರು ವಿರಳವಾದ ನೆಲದಲ್ಲಿ ಒಂದು ಎಲೆಯನ್ನು ಕಳೆದುಕೊಂಡರೂ ಅದನ್ನು ಮತ್ತೆ ಬೆಳೆಸಲು ನೀರು ಬೇಕು. ಆ ಅರ್ಥದಲ್ಲಿ ಮಾತ್ರ ಮುಳ್ಳು ನೀರನ್ನು ಉಳಿಸುತ್ತದೆ.

ರೈತರ ತಿಳಿವಳಿಕೆಯ ಬಳಕೆ

ಪಾಲಕರ ಅನುಭವವನ್ನು ತರಗತಿಗೆ ತರಲು ಮೂರು ಸಂಗತಿಗಳು ಉಪಯುಕ್ತವಾಗಿವೆ.

ಮೊದಲನೆಯದು ಹಿಂಗಾರಿ ಜೋಳ. ಉತ್ತರಿ, ಹಸ್ತ ಮಳೆಗಳ ಹಸಿಯನ್ನು ಎರಿ ಭೂಮಿಯು ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯ ಮೇಲೆಯೇ ಜೋಳವು ಮುಂದೆ ಮಳೆಯಿಲ್ಲದೆ ಬೆಳೆಯುತ್ತದೆ. ತೇವ ತಗ್ಗಿದಾಗ ಬೆಳವಣಿಗೆಯನ್ನು ತಡೆಹಿಡಿದು, ತೇವ ದೊರೆತಾಗ ಮುಂದುವರಿಯುವ ಗುಣ ಅದಕ್ಕಿದೆ.

ಎರಡನೆಯದು ಎಳೆಯ ಜೋಳದ ವಿಷ. ನೀರಿಲ್ಲದೆ ಕುಂಠಿತವಾದ ಎಳೆಯ ಜೋಳವನ್ನಾಗಲಿ, ಕೊಯ್ದ ಕೂಳೆಯಿಂದ ಹೊಸದಾಗಿ ಚಿಗುರಿದ ಜೋಳವನ್ನಾಗಲಿ ಮೇಯ್ದ ದನಗಳು ಸಾಯುವುದುಂಟು. ಗಿಡದಲ್ಲಿರುವ ಒಂದು ಸಂಯುಕ್ತದಿಂದ ದನದ ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಇದು ಕೂಡ ಸಸ್ಯದ ರಕ್ಷಣಾ ವ್ಯವಸ್ಥೆಯೇ. ಈ ಅಂಶವನ್ನು ತರಗತಿಯಲ್ಲಿ ಹೇಳುವುದರಿಂದ ಒಂದು ಮನೆಯ ಎಮ್ಮೆಯಾದರೂ ಉಳಿದೀತು.

ಮೂರನೆಯದು ದಾಳಿಂಬೆಯ ಬಹಾರ. ತೋಟಗಾರನು ಕೆಲವು ವಾರ ನೀರು ನಿಲ್ಲಿಸಿ ಗಿಡದ ಎಲೆ ಉದುರುವಂತೆ ಮಾಡುತ್ತಾನೆ. ಅನಂತರ ನೀರು ಬಿಟ್ಟಾಗ ಗಿಡವೆಲ್ಲ ಒಮ್ಮೆಗೇ ಹೂಬಿಡುತ್ತದೆ. ಮೃಗ, ಹಸ್ತ, ಅಂಬೆ ಎಂಬ ಬಹಾರಗಳ ಹೆಸರು ಮಕ್ಕಳಿಗೆ ಗೊತ್ತಿರುತ್ತದೆ. ಬರಕ್ಕೆ ಸಸ್ಯವು ತೋರುವ ಪ್ರತಿಕ್ರಿಯೆಯನ್ನು ಮನುಷ್ಯನು ತನ್ನ ಅನುಕೂಲಕ್ಕೆ ಬಳಸಿಕೊಳ್ಳುವ ರೀತಿ ಇದು.

ಗುಳೆ ಹೋಗುವ ಮಕ್ಕಳನ್ನು ಪಾಠದಲ್ಲಿ ಒಳಗೊಳ್ಳುವುದು

ದೀಪಾವಳಿಯ ಹೊತ್ತಿಗೆ ತಾಲೂಕಿನ ಅನೇಕ ಕುಟುಂಬಗಳು ಕಬ್ಬು ಕಡಿಯಲು ನೀರಾವರಿ ಪ್ರದೇಶಗಳಿಗೆ ಹೋಗುತ್ತವೆ. ಒಣ ಋತುವಿನ ವೀಕ್ಷಣೆ ನಡೆಯುವಾಗ ಆ ಮಕ್ಕಳು ತರಗತಿಯಲ್ಲಿ ಇರುವುದಿಲ್ಲ. ಅವರನ್ನು ‘ಪಾಠ ತಪ್ಪಿಸಿಕೊಂಡವರು’ ಎಂದು ಎಣಿಸದೆ, ಹೊರಡುವ ಮೊದಲೇ ಅವರಿಗೆ ಒಂದು ವಹಿಯನ್ನು ಕೊಟ್ಟು ಕಬ್ಬಿನ ವೀಕ್ಷಣೆಯನ್ನು ಒಪ್ಪಿಸಬೇಕು. ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಕಬ್ಬು ಎಷ್ಟು ತಿಂಗಳಿನದು, ಎಲೆ ಎಷ್ಟು ಉದ್ದ, ಬದುವಿನ ಮೇಲೆ ಯಾವ ಗಿಡಗಳಿವೆ ಎಂಬುದನ್ನು ಅವರು ಬರೆದು ತರಲಿ.

ಅವರು ತಂದ ಮಾಹಿತಿಯಿಂದ ಅಮೂಲ್ಯವಾದ ಹೋಲಿಕೆ ಸಾಧ್ಯವಾಗುತ್ತದೆ. ಜೋಳ ಮತ್ತು ಕಬ್ಬು ಎರಡೂ ಹುಲ್ಲಿನ ಕುಟುಂಬಕ್ಕೆ ಸೇರಿದವು. ಜೋಳಕ್ಕೆ ಬೆಳೆಯ ಅವಧಿಯಲ್ಲಿ ಸುಮಾರು 450 ರಿಂದ 650 ಮಿ.ಮೀ. ನೀರು ಸಾಕು, ಕಬ್ಬಿಗೆ 1,500 ರಿಂದ 2,500 ಮಿ.ಮೀ. ಬೇಕು. ಜೋಳವು ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ, ಆಡಸಾಲಿ ಕಬ್ಬು ಒಂದೂವರೆ ವರ್ಷದವರೆಗೆ ಹೊಲದಲ್ಲಿ ನಿಲ್ಲುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಜತ್ತದ 500 ಮಿ.ಮೀ. ಮಳೆಯು ಪ್ರತಿ ಚದರ ಮೀಟರಿಗೆ 500 ಲೀಟರ್ ಆಗುತ್ತದೆ. ಈ ಜಮೆಯಲ್ಲಿ ಯಾವ ಬೆಳೆಯ ಖರ್ಚು ಹೊಂದುತ್ತದೆ ಎಂಬ ಲೆಕ್ಕವನ್ನು ಮಕ್ಕಳೇ ಮಾಡಲಿ. ತಮ್ಮ ತಂದೆ-ತಾಯಿ ಏಕೆ ಊರು ಬಿಡಬೇಕಾಗುತ್ತದೆ ಎಂಬ ಪ್ರಶ್ನೆಯೂ ಇಲ್ಲಿ ಏಳಬಹುದು. ಅದನ್ನು ತಡೆಯದೆ ಗೌರವದಿಂದ ಕೇಳಬೇಕು.

ಮರಾಠಿ ಹೆಸರುಗಳ ಪರಿಚಯ

ಕೃಷಿ ಇಲಾಖೆಯ ಪತ್ರಕಗಳಲ್ಲಿ ಮತ್ತು ಸಂತೆಯಲ್ಲಿ ಮಕ್ಕಳು ಮರಾಠಿ ಹೆಸರುಗಳನ್ನು ಕಾಣುತ್ತಾರೆ. ಎಕ್ಕೆ – ರುಯಿ, ಜಾಲಿ – ಬಾಭಳ, ಬಳ್ಳಾರಿ ಜಾಲಿ – ವೇಡಿ ಬಾಭಳ, ಬೇವು – ಕಡುಲಿಂಬ, ಲೋಳೆಸರ – ಕೋರಫಡ, ಕತ್ತಾಳೆ – ಘಾಯಪಾತ, ಕಾಡುಬಸಳೆ – ಪಾನಫುಟಿ, ಜೋಳ – ಜ್ವಾರಿ ಎಂಬ ಜೋಡಿಗಳನ್ನು ಫಲಕದ ಮೇಲೆ ಬರೆದಿಡುವುದು ಒಳ್ಳೆಯದು. ಮಗುವು ಮನೆಮಾತಿನ ‘ಎಕ್ಕಿ’, ‘ಬಾರಿ’ ಎಂಬ ರೂಪಗಳನ್ನು ಬಳಸಿದರೆ ತಿದ್ದಿ ಸುಮ್ಮನಾಗಿಸಬಾರದು. ಮೊದಲು ಗಿಡವನ್ನು ಗುರುತಿಸಲಿ, ಗ್ರಂಥರೂಪವು ಅನಂತರ ಬರಲಿ.

ಚಟುವಟಿಕೆಗಳು

1. ಒದ್ದೆ ಬಟ್ಟೆಯ ಪ್ರಯೋಗ: ಒಂದೇ ಅಳತೆಯ ಮೂರು ಹತ್ತಿಬಟ್ಟೆಯ ತುಂಡುಗಳನ್ನು ನೆನೆಸಿ ಹಿಂಡಬೇಕು. ಒಂದನ್ನು ಹರಡಿ, ಎರಡನೆಯದನ್ನು ಸುರುಳಿ ಮಾಡಿ, ಮೂರನೆಯದನ್ನು ಸುರುಳಿ ಮಾಡಿ ಎಣ್ಣೆಕಾಗದದಲ್ಲಿ ಸುತ್ತಿ ಬಿಸಿಲಿನಲ್ಲಿಡಬೇಕು. ಒಂದು ತಾಸಿನ ನಂತರ ಯಾವುದು ಎಷ್ಟು ಒಣಗಿದೆ ಎಂದು ನೋಡಬೇಕು. ಇವು ಕ್ರಮವಾಗಿ ಅಗಲವಾದ ತೆಳುಎಲೆ, ಸುರುಳಿಯಾದ ಜೋಳದ ಎಲೆ ಮತ್ತು ಮೇಣದ ಲೇಪವಿರುವ ಎಲೆಯನ್ನು ಸೂಚಿಸುತ್ತವೆ.

2. ಚೀಲದ ಪ್ರಯೋಗ: ದಾಸವಾಳದ ಮತ್ತು ಬೇವಿನ ಎಲೆಗಳಿರುವ ಟೊಂಗೆಗಳಿಗೆ ಒಂದೇ ಅಳತೆಯ ಪಾರದರ್ಶಕ ಚೀಲಗಳನ್ನು ಬೆಳಿಗ್ಗೆ ಕಟ್ಟಿ, ಮಧ್ಯಾಹ್ನ ಒಳಗೆ ಕೂಡಿದ ನೀರನ್ನು ಹೋಲಿಸಬೇಕು. ಎರಡೂ ಟೊಂಗೆಗಳಲ್ಲಿ ಎಲೆಯ ಒಟ್ಟು ಹರವು ಹೆಚ್ಚುಕಡಿಮೆ ಸಮನಾಗಿರಲಿ.

3. ಹುಳಿಯ ಪರೀಕ್ಷೆ: ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಶಾಲೆ ಆರಂಭವಾಗುವ ಮೊದಲು ಮತ್ತು ಸಂಜೆ ಜಜ್ಜಿ, ರಸವನ್ನು ನೀಲಿ ಲಿಟ್ಮಸ್ ಕಾಗದದಿಂದ ಪರೀಕ್ಷಿಸಬೇಕು.

4. ಎರಡು ಋತುಗಳ ವಹಿ: ಪ್ರತಿ ಜೋಡಿ ವಿದ್ಯಾರ್ಥಿಗಳು ಒಂದು ಗಿಡವನ್ನು ಆರಿಸಿಕೊಂಡು ಸೆಪ್ಟೆಂಬರದಲ್ಲಿ ಮತ್ತು ಮಾರ್ಚದಲ್ಲಿ ಅದರ ಎಲೆ, ಹೂ, ಕಾಯಿಗಳನ್ನು ಚಿತ್ರಸಹಿತ ದಾಖಲಿಸಬೇಕು.

ಎಚ್ಚರಿಕೆ: ಎಕ್ಕೆಯ ಮತ್ತು ಕಳ್ಳಿಯ ಹಾಲು ಕಣ್ಣಿಗೆ ಬಹಳ ಅಪಾಯಕರ. ಅವುಗಳನ್ನು ಶಿಕ್ಷಕರು ಮಾತ್ರ ತೋರಿಸಬೇಕು, ಮಕ್ಕಳು ಮುರಿಯಬಾರದು. ಯಾವ ಎಲೆಯನ್ನೂ ಬಾಯಿಗೆ ಹಾಕಿಕೊಳ್ಳಲು ಬಿಡಬಾರದು.

ಮೌಲ್ಯಮಾಪನ

1. ಎಕ್ಕೆಯ ಎಲೆ ಅಗಲವಾಗಿದ್ದರೂ ಬೇಸಗೆಯಲ್ಲಿ ಬದುಕಿರಲು ಮೂರು ಕಾರಣಗಳನ್ನು ಬರೆಯಿರಿ.
2. ಜಾಲಿಯ ಮುಳ್ಳು ಮತ್ತು ಪಾಪಾಸುಕಳ್ಳಿಯ ಮುಳ್ಳು ಇವುಗಳ ಮೂಲದಲ್ಲಿ ಹಾಗೂ ಕೆಲಸದಲ್ಲಿ ಇರುವ ಭೇದವೇನು?
3. ‘ಬಿಸಿಲನ್ನು ತಡೆಯಲು ಜೋಳವು ಮೇಣ ಹಚ್ಚಿಕೊಂಡಿದೆ.’ ಈ ವಾಕ್ಯವನ್ನು ವೈಜ್ಞಾನಿಕವಾಗಿ ಸರಿಪಡಿಸಿರಿ.
4. ನಿಮ್ಮ ಹೊಲದ ಬದುವಿನ ಮೇಲಿನ ಒಂದು ಗಿಡವನ್ನು ಆರಿಸಿಕೊಂಡು ಅದರ ನೀರಿನ ಜಮಾ-ಖರ್ಚನ್ನು ವಿವರಿಸಿರಿ.

ನಾಲ್ಕನೆಯ ಪ್ರಶ್ನೆಯ ಉತ್ತರಗಳು ಒಂದೊಂದೂ ಬೇರೆಯಾಗಿರಬೇಕು. ಎಲ್ಲ ವಹಿಗಳಲ್ಲಿಯೂ ಒಂದೇ ಉತ್ತರ ಬಂದಿದ್ದರೆ ಮಕ್ಕಳು ಪುಸ್ತಕವನ್ನು ಓದಿದ್ದಾರೆಯೇ ಹೊರತು ಗಿಡವನ್ನು ನೋಡಿಲ್ಲವೆಂದು ತಿಳಿದು, ಒಂದು ತಾಸನ್ನು ಮತ್ತೆ ಹೊರಗೆ ಕಳೆಯಬೇಕು.

ಕೊನೆಗೆ ಒಂದು ಮಾತನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಬರದ ನೆಲದಲ್ಲಿ ಜಾಲಿಗೆ ಆಳದ ಬೇರು ಬಂದದ್ದು ಲೆಕ್ಕವಿಲ್ಲದಷ್ಟು ಗಿಡಗಳು ಒಣಗಿಹೋದ ಮೇಲೆ. ಮನುಷ್ಯನು ಆ ದಾರಿಯನ್ನು ಹಿಡಿಯಬೇಕಾಗಿಲ್ಲ. ಅವನು ಮಳೆಯನ್ನು ಅಳೆಯಬಲ್ಲನು, ಬದು ಹಾಕಬಲ್ಲನು, ಬೆಳೆಯನ್ನು ಆರಿಸಬಲ್ಲನು, ಬರುವ ವರ್ಷಕ್ಕೆ ನೀರನ್ನು ಹಿಡಿದಿಡಬಲ್ಲನು. ಗಿಡದ ಹೊಂದಾಣಿಕೆಯ ಪಾಠವನ್ನು ಕಲಿತ ಮಗುವು ‘ನಾವೂ ಹೀಗೆಯೇ ಸಹಿಸಿಕೊಂಡಿರಬೇಕು’ ಎಂದು ತಿಳಿಯದೆ, ‘ನಮ್ಮ ನೆಲದ ಲೆಕ್ಕ ನಮಗೆ ಗೊತ್ತಿರಬೇಕು’ ಎಂದು ತಿಳಿದರೆ ಪಾಠವು ಸಫಲವಾದಂತೆ.